ಯಾರ ತಲೆಗೆ ಈ ಹೊರೆ?

ಈಚೆಗೆ ವಿದ್ಯುಚ್ಛಕ್ತಿಯ ವಿಚಾರ ಬಲ್ಲ ಮಹನೀಯರು ಕೂಡಿದಲ್ಲೆಲ್ಲ ಒಂದು ಮಾತು ಕೇಳಿಬರುತ್ತಿದೆ: ‘ಡಿಮ್ಯಾಂಡ್ ರೆಸ್ಪಾನ್ಸ್’. ಕನ್ನಡದಲ್ಲಿ ಇದನ್ನು ‘ಬೇಡಿಕೆಯ ಸ್ಪಂದನ’ ಎಂದರೆ ಕೇಳುವುದಕ್ಕೆ ಹಿತವಾಗಿಯೇ ಇರುತ್ತದೆ. ಸ್ಪಂದನವೆಂದರೆ ಹೃದಯದ ಮಿಡಿತ. ಸಹೃದಯನ ಲಕ್ಷಣ ಹೇಳುವಾಗ ನಾವು ಮೇಷ್ಟರುಗಳು ತರಗತಿಯಲ್ಲಿ ಹತ್ತು ಸಲ ಬಳಸುವ ಮಾತು. ಇಲ್ಲಿ ಅದರ ಅರ್ಥ ಅಷ್ಟು ಸುಕುಮಾರವಾದುದಲ್ಲ. ಸಂಜೆ ಏಳು ಗಂಟೆಗೆ ನಾಡಿನವರೆಲ್ಲ ಒಟ್ಟಿಗೆ ಸ್ವಿಚ್ಚು ಒತ್ತಿದಾಗ ತಂತಿಯ ಮೇಲೆ ದೊಡ್ಡ ಭಾರ ಬೀಳುತ್ತದೆ. ಅದನ್ನು ತಾಳಲು ಕಂಪನಿ ಹೆಚ್ಚು ಶಕ್ತಿಯನ್ನು ಒದಗಿಸುವ ಬದಲು ನಾವು ನಮ್ಮ ಸ್ವಿಚ್ಚನ್ನು ಆರಿಸಬೇಕು. ಇಲ್ಲವೆ ಆ ಕೆಲಸವನ್ನು ಬಿಸಿಲಿರುವಾಗಲೋ ಊರು ಮಲಗಿದ ಮೇಲೆಯೋ ಮಾಡಿಕೊಳ್ಳಬೇಕು. ಹಾಗೆ ಮಾಡಿದವರಿಗೆ ಬಿಲ್ಲಿನಲ್ಲಿ ಒಂದಿಷ್ಟು ಸೋಡಿ, ಮಾಡದವರಿಗೆ ಒಂದಿಷ್ಟು ದಂಡ. ಯಾವ ಮನೆ ಯಾವ ಹೊತ್ತಿನಲ್ಲಿ ಎಷ್ಟು ಉರಿಸಿತು ಎಂಬುದನ್ನು ಹೊತ್ತುಹೊತ್ತಿಗೆ ಬರೆದಿಟ್ಟು ತಾನಾಗಿಯೇ ವರದಿ ಕಳಿಸುವ ಮೀಟರಿಗೆ ‘ಸ್ಮಾರ್ಟ್ ಮೀಟರ್’ ಎಂದೂ, ಅಂಥ ಮೀಟರುಗಳನ್ನು ಕಟ್ಟಿಕೊಂಡ ಜಾಲಕ್ಕೆ ‘ಸ್ಮಾರ್ಟ್ ಗ್ರಿಡ್’ ಎಂದೂ ಹೆಸರು.

ಈ ಏರ್ಪಾಡಿನ ಗುಣಗಾನಕ್ಕೆ ಕೊರತೆಯಿಲ್ಲ. ಅದರ ಖರ್ಚಿನ ಮಾತು ಬಂದಾಗ ಮಾತ್ರ ಲೆಕ್ಕ ಸ್ವಲ್ಪ ಮಂಕಾಗುತ್ತದೆ. ಮೀಟರಿನ ಬೆಲೆ, ತಂತಿಯ ಬೆಲೆ, ಗಣಕಯಂತ್ರದ ಬೆಲೆ, ಉಳಿದ ಕಲ್ಲಿದ್ದಲಿನ ಬೆಲೆ ಎಲ್ಲವೂ ಅಲ್ಲಿ ಇರುತ್ತವೆ. ಹೊತ್ತು ಬದಲಾಯಿಸಿಕೊಳ್ಳುವ ಮನೆಯವರ ದುಡಿಮೆಗೆ, ನಿದ್ದೆಗೆ, ತಲೆಬಿಸಿಗೆ ಎಷ್ಟು ಬೆಲೆ ಕಟ್ಟಿದ್ದಾರೆಂದು ಹುಡುಕಿದರೆ ಸಿಕ್ಕುವುದು ಸೊನ್ನೆ. ನನ್ನ ಜಗಳ ಈ ಸೊನ್ನೆಯ ಮೇಲೆ.

ಇದಕ್ಕೆ ಹಿಂದಿನ ಮಾತು ‘ಲೋಡ್ ಷೆಡ್ಡಿಂಗ್’ ಎಂಬುದು. ಅಂದರೆ ಹೊರೆ ಇಳಿಸುವುದು. ನಮ್ಮ ಮಂಡ್ಯದ ಕಡೆ ಹೊರೆ ಎಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹುಲ್ಲಿನ ಹೊರೆ, ಸೌದೆಯ ಹೊರೆ, ಕಬ್ಬಿನ ಸೋಗೆಯ ಹೊರೆ ಹೊತ್ತು ಬದುವಿನ ಮೇಲೆ ನಡೆದುಬರುವ ಹೆಂಗಸರನ್ನು ಬಸ್ಸಿನ ಕಿಟಕಿಯಿಂದಲಾದರೂ ನೋಡದವರಿಲ್ಲ. ಹೊರೆಯನ್ನು ಒಂದು ತಲೆಯಿಂದ ಇಳಿಸಿದರೆ ನೆಲಕ್ಕಾದರೂ ಹಾಕಬೇಕು, ಇನ್ನೊಂದು ತಲೆಗಾದರೂ ಏರಿಸಬೇಕು. ನಡುವೆ ಗಾಳಿಯಲ್ಲಿ ಅದು ನಿಲ್ಲುವುದಿಲ್ಲ. ತಂತಿಯ ಹೊರೆಯನ್ನು ಇಳಿಸುತ್ತೇವೆ ಎನ್ನುವವರು ಅದನ್ನು ಯಾರ ತಲೆಗೆ ಏರಿಸುತ್ತಿದ್ದಾರೆ ಎಂದು ಕೇಳುವುದು ತಪ್ಪಾಗಲಾರದು.

ಕೇಳುವ ಹಕ್ಕು ಈ ಜಿಲ್ಲೆಗೆ ತುಸು ಹೆಚ್ಚಾಗಿಯೇ ಇದೆ. ಇಂದು ಮಳವಳ್ಳಿ ತಾಲ್ಲೂಕಿನಲ್ಲಿರುವ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಸಾಹಸವನ್ನು ಇಂದಿಗೂ ಬೆರಗಿನಿಂದ ನೆನೆಯಬೇಕು. ಅಲ್ಲಿ ಹುಟ್ಟಿದ ಶಕ್ತಿ ಸುಮಾರು 92 ಮೈಲಿ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆ ತಂತಿ ನೆತ್ತಿಯ ಮೇಲೆ ಹಾದುಹೋದ ಹಳ್ಳಿಗಳು ಮಾತ್ರ ಹರಳೆಣ್ಣೆಯ ಹಣತೆಯಲ್ಲೂ ಸೀಮೆಎಣ್ಣೆಯ ಬುಡ್ಡಿಯಲ್ಲೂ ಇನ್ನೂ ಹಲವು ದಶಕ ಕಾಲ ಹಾಕಿದವು.

ಬೇಸಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು. ಗಣಿಯ ಯಂತ್ರಗಳು ಮಾತ್ರ ನಿಲ್ಲುವಂತಿರಲಿಲ್ಲ. ಆಗ ಗಣಿಯ ದೊರೆಗಳಿಗೆ ‘ತಾವು ದಯವಿಟ್ಟು ಸ್ಪಂದಿಸಬೇಕು, ಮಾರ್ಚಿಯಿಂದ ಮೇ ತಿಂಗಳವರೆಗೆ ಚಿನ್ನವನ್ನು ರಾತ್ರಿ ಹೊತ್ತು ತೆಗೆಯಿರಿ’ ಎಂದು ಯಾರೂ ಬಿನ್ನವಿಸಿಕೊಳ್ಳಲಿಲ್ಲ. ನದಿಯನ್ನೇ ಬಗ್ಗಿಸಿದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದುದಕ್ಕೆ ನೀರಾವರಿಯ ಜೊತೆಗೆ ಇನ್ನೊಂದು ಮುಖ್ಯ ಕಾರಣ, ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಒದಗಬೇಕೆಂಬುದು. ಊರುಗಳು ಮುಳುಗಿದವು, ಒಕ್ಕಲುಗಳು ಎದ್ದುಹೋದವು. ಕಟ್ಟೆಯನ್ನು ನಾನು ಹಳಿಯುತ್ತಿಲ್ಲ. ವಿಶ್ವೇಶ್ವರಯ್ಯನವರ ಪಟವಿಟ್ಟು ಕೈಮುಗಿಯುವ ಜಿಲ್ಲೆಯಲ್ಲಿ ಅನ್ನ ತಿನ್ನುವವನು ನಾನೂ ಒಬ್ಬ. ನಾನು ತೋರಿಸಬೇಕೆಂದಿರುವುದು ಇಷ್ಟೆ: ದೊಡ್ಡವರ ಬೇಡಿಕೆಗೆ ನದಿ ಸ್ಪಂದಿಸಿತು. ಈಗ ನದಿಯ, ಬಿಸಿಲಿನ, ಗಾಳಿಯ ಅನುಕೂಲಕ್ಕೆ ಮನೆಯಾಕೆ ಸ್ಪಂದಿಸಬೇಕೆಂದು ಹೇಳಲಾಗುತ್ತಿದೆ.

ಹೊತ್ತು ಬದಲಾಯಿಸಿಕೊಳ್ಳುವ ಈ ವಿದ್ಯೆಯನ್ನು ಪರದೇಶದಿಂದ ತರಿಸಬೇಕಾಗಿಯೂ ಇರಲಿಲ್ಲ. ನಮ್ಮ ಪಂಪ್‌ಸೆಟ್ಟಿನ ರೈತ ಅದರಲ್ಲಿ ಪಾರಂಗತ. ಅವನಿಗೆ ‘ತ್ರೀ ಫೇಸ್’ ಕರೆಂಟು ದಿನಕ್ಕೆ 7 ಗಂಟೆ ಎಂಬುದು ಸರ್ಕಾರದ ಮಾತು. ಅದೂ ಪಾಳಿಯ ಮೇಲೆ, ಹಗಲು ಕೆಲವು ಗಂಟೆ, ರಾತ್ರಿ ಕೆಲವು ಗಂಟೆ. 2023ರ ಬರದಲ್ಲಿ ಅಕ್ಟೋಬರಿನ ಹೊತ್ತಿಗೆ ಆ 7 ಗಂಟೆ 5 ಆಯಿತು. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಎರಡು ಗಂಟೆಗೇ ಎದ್ದು ಬ್ಯಾಟರಿ ಹಿಡಿದು ಗದ್ದೆಗೆ ಹೋಗಬೇಕು. ಕಬ್ಬಿನ ಸಾಲಿನಲ್ಲಿ ಹಾವಿರಬಹುದು, ಚಿರತೆ ಇರಬಹುದು; ಮಳವಳ್ಳಿ ತಾಲ್ಲೂಕಿನ ಅಂಚಿನ ಹಳ್ಳಿಗಳಲ್ಲಾದರೆ ಮುತ್ತತ್ತಿಯ ಕಾಡಿನ ಕಡೆಯಿಂದ ಆನೆಯೂ ಬಂದಿರಬಹುದು. ನಮ್ಮ ಕಾಲೇಜಿಗೆ ಮಗನನ್ನು ಸೇರಿಸಲು ಬಂದಿದ್ದ ರೈತರೊಬ್ಬರನ್ನು ಈ ವಿಷಯವಾಗಿ ಕೇಳಿದೆ. ‘ಕರೆಂಟು ದೊರೆ ಇದ್ದಂಗೆ ಮೇಷ್ಟ್ರೆ. ಅದು ಬಂದಾಗ ನಾವು ಎದ್ ನಿಂತ್ಕಬೇಕು. ನಾವು ಕರದಾಗ ಅದು ಬತ್ತದಾ?’ ಎಂದರು. ಬೇಡಿಕೆಯ ಸ್ಪಂದನಕ್ಕೆ ಇದಕ್ಕಿಂತ ಖಚಿತವಾದ ವ್ಯಾಖ್ಯಾನವನ್ನು ಯಾವ ಪಂಡಿತರೂ ಬರೆದದ್ದನ್ನು ನಾನು ಕಾಣೆ.

ಆ ರೈತನೂ ಮನುಷ್ಯನೇ ಅಲ್ಲವೆ? ಎಷ್ಟು ರಾತ್ರಿ ಎದ್ದಾನು! ಆದುದರಿಂದ ಆಟೋ ಸ್ಟಾರ್ಟರ್ ಕೂಡಿಸಿಕೊಂಡ. ಕರೆಂಟು ಬಂದೊಡನೆ ಮೋಟಾರು ತಾನಾಗಿ ತಿರುಗುತ್ತದೆ. ಒಬ್ಬನ ಮೋಟಾರು ತಿರುಗಿದರೆ ಅಡ್ಡಿಯಿಲ್ಲ. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಅಷ್ಟೂ ಮೋಟಾರುಗಳು ಒಂದೇ ಗಳಿಗೆಯಲ್ಲಿ ‘ಗೊಂಯ್’ ಎಂದು ಎದ್ದರೆ ವೋಲ್ಟೇಜು ಕುಸಿಯುತ್ತದೆ, ಕಾಯಿಲುಗಳು ಸುಡುತ್ತವೆ, ಟ್ರಾನ್ಸ್‌ಫಾರ್ಮರು ಹೊಗೆಯಾಡುತ್ತದೆ. ಆಮೇಲೆ ಅದನ್ನು ಬದಲಾಯಿಸಿ ಕೊಡಿ ಎಂದು ಕಂಪನಿಯ ಬಾಗಿಲಿಗೆ ಅಲೆದಾಟ. ಆಟೋ ಸ್ಟಾರ್ಟರ್ ಹಾಕಬೇಡಿ ಎಂದು ಕಂಪನಿಯವರು ಹೇಳುತ್ತಲೇ ಇದ್ದಾರೆ. ಎರಡು ಗಂಟೆ ರಾತ್ರಿಗೆ ಏಳದವರು ಹೇಳುವ ಮಾತು ಅದು. ಒಂದು ಹೊತ್ತಿನ ಹೊರೆಯನ್ನು ಇಳಿಸಲು ಹೋಗಿ ಇನ್ನೊಂದು ಹೊತ್ತಿನಲ್ಲಿ ಇನ್ನೂ ಚೂಪಾದ ಹೊರೆಯನ್ನು ಕಟ್ಟಿಕೊಂಡ ಕಥೆ ಇದು. ನಾಳೆ ಅಗ್ಗದ ದರ ಬೆಳಗ್ಗೆ ಒಂಬತ್ತಕ್ಕೆ ಮೊದಲಾಗುತ್ತದೆಂದು ಸಾರಿ, ಊರಿನ ಗೀಸರುಗಳೂ ಬಟ್ಟೆ ಒಗೆಯುವ ಯಂತ್ರಗಳೂ ಆ ಗಂಟೆಗೇ ಎದ್ದರೆ ನಗರದ ಟ್ರಾನ್ಸ್‌ಫಾರ್ಮರಿನ ಗತಿಯೂ ಅದೇ ಅಲ್ಲವೆ?

ಈಗ ದರದ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2023ರ ಜೂನ್ ತಿಂಗಳಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿತು. ಹಕ್ಕುಗಳ ನಿಯಮ ಎಂಬ ಹೆಸರನ್ನು ವಾಚಕರು ಗಮನಿಸಬೇಕು. ಅದರ ಪ್ರಕಾರ 10 ಕಿಲೋವಾಟಿಗಿಂತ ಹೆಚ್ಚಿನ ವ್ಯಾಪಾರಿಗಳಿಗೂ ಕೈಗಾರಿಕೆಗಳಿಗೂ 2024ರ ಏಪ್ರಿಲ್ 1ರಿಂದ, ವ್ಯವಸಾಯದವರನ್ನು ಬಿಟ್ಟು ಮಿಕ್ಕೆಲ್ಲರಿಗೂ 2025ರ ಏಪ್ರಿಲ್ 1ರಿಂದ ಹೊತ್ತಿಗೊಂದು ದರ ಇರತಕ್ಕದ್ದು. ಬಿಸಿಲಿನ ಹೊತ್ತಿನಲ್ಲಿ ಸಾಮಾನ್ಯ ದರಕ್ಕಿಂತ ಶೇಕಡಾ 20ರಷ್ಟಾದರೂ ಕಡಿಮೆ. ಬೇಡಿಕೆ ಏರಿದ ಹೊತ್ತಿನಲ್ಲಿ ಮನೆಯವರಿಗೆ ಶೇಕಡಾ 10ರಷ್ಟಾದರೂ ಹೆಚ್ಚು. ಸ್ಮಾರ್ಟ್ ಮೀಟರು ಕೂರದ ಮನೆಗೆ ಇದರ ಬಿಸಿ ತಟ್ಟುವುದಿಲ್ಲ. ಕೂತೊಡನೆ ತಟ್ಟಬೇಕೆಂಬುದು ನಿಯಮದ ಆಶಯ.

ನಾನು ಗಣಿತದವನಲ್ಲ. ಆದರೂ ಒಂದು ಮನೆಯ ಲೆಕ್ಕ ಹಾಕುವಷ್ಟು ಮಗ್ಗಿ ಬರುತ್ತದೆ. ಯೂನಿಟ್ಟಿಗೆ ಸುಮಾರಾಗಿ 6 ರೂಪಾಯಿ ಎಂದಿಟ್ಟುಕೊಂಡರೆ ಏರು ಹೊತ್ತಿನಲ್ಲಿ 6 ರೂಪಾಯಿ 60 ಪೈಸೆ, ಬಿಸಿಲಿನ ಹೊತ್ತಿನಲ್ಲಿ 4 ರೂಪಾಯಿ 80 ಪೈಸೆ. ನಡುವಿನ ಅಂತರ 1 ರೂಪಾಯಿ 80 ಪೈಸೆ. ದೋಸೆಯ ಹಿಟ್ಟು ರುಬ್ಬುವ 150 ವಾಟಿನ ಗ್ರೈಂಡರು 40 ನಿಮಿಷ ತಿರುಗಿದರೆ ಯೂನಿಟ್ಟಿನ ಹತ್ತರಲ್ಲೊಂದು ಪಾಲು ಖರ್ಚು. ಅದನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದ ಗೃಹಿಣಿಗೆ ದೊರೆಯುವ ಸಂಭಾವನೆ 18 ಪೈಸೆ. ವಾರಕ್ಕೆರಡು ಸಲ ರುಬ್ಬಿದರೆ ತಿಂಗಳಿಗೆ ಒಂದೂವರೆ ರೂಪಾಯಿ. ವರ್ಷವಿಡೀ ಉಳಿಸಿಟ್ಟರೂ ಆ ದುಡ್ಡಿನಲ್ಲಿ ಗಂಡಹೆಂಡಿರು ಮದ್ದೂರಿಗೆ ಹೋಗಿ ತಲೆಗೊಂದು ವಡೆ ತಿಂದು ಬರುವುದು ಕಷ್ಟ. ಅರ್ಧ ಗಂಟೆ ಇಸ್ತ್ರಿಗೆ 90 ಪೈಸೆ. ಅರ್ಧ ಗಂಟೆ ಗೀಸರಿಗೆ 1 ರೂಪಾಯಿ 80 ಪೈಸೆ. ಆದರೆ ನಡುಹಗಲಿನಲ್ಲಿ ಕಾಯಿಸಿದ ನೀರಿನಲ್ಲಿ ಮಾರನೆಯ ಬೆಳಗ್ಗೆ ಸ್ನಾನ ಮಾಡುವವರು ಯಾರು? ಎಲ್ಲವನ್ನೂ ಚಾಚೂ ತಪ್ಪದೆ ಸರಿಸಿದ ಪತಿವ್ರತಾಶಿರೋಮಣಿಗೂ ತಿಂಗಳಿಗೆ 80 ರೂಪಾಯಿ ಉಳಿದರೆ ಹೆಚ್ಚು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ವಿದ್ಯುತ್ ಕಂಪನಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿದಾಗ ಸಾಧಾರಣ ಮನೆಯ ಮೀಟರಿಗೆ ಬಿದ್ದ ಬೆಲೆ ಸುಮಾರು 5 ಸಾವಿರ ರೂಪಾಯಿ. ಉಳಿತಾಯದಿಂದ ಮೀಟರಿನ ಸಾಲ ತೀರಬೇಕಾದರೆ ಐದು ವರ್ಷ.

ಇನ್ನು ಹಿಟ್ಟಿನ ವಿಚಾರ. ಸಂಜೆ ರುಬ್ಬುವುದು ನಮ್ಮ ಹೆಂಗಸರ ಹಟವೇನೂ ಅಲ್ಲ. ಸಂಜೆ ರುಬ್ಬಿದರೆ ರಾತ್ರಿಯೆಲ್ಲ ಹುದುಗಿ ಬೆಳಗಿನ ಹೊತ್ತಿಗೆ ಹದವಾಗಿ ಉಬ್ಬುತ್ತದೆ. ಮಾರ್ಚಿ ತಿಂಗಳ ಮಂಡ್ಯದ ಬಿಸಿಲಿನಲ್ಲಿ ಹನ್ನೆರಡು ಗಂಟೆಗೆ ರುಬ್ಬಿಟ್ಟ ಹಿಟ್ಟು ರಾತ್ರಿ ಊಟದ ಹೊತ್ತಿಗೇ ಪಾತ್ರೆಯಿಂದ ಉಕ್ಕಿ, ಬೆಳಗ್ಗೆ ಬಾಯಿಗಿಡಲಾರದಷ್ಟು ಹುಳಿಯಾಗಿರುತ್ತದೆ. ಫ್ರಿಜ್ಜಿನಲ್ಲಿಡಿ ಎನ್ನುತ್ತೀರಾ? ಅದೂ ಕರೆಂಟಿನ ಮೇಲೆಯೇ ನಡೆಯುತ್ತದೆ, ಸ್ವಾಮಿ. ಅಡಿಗೆಮನೆಯ ಪ್ರತಿಯೊಂದು ಕೆಲಸಕ್ಕೂ ಇಂಥ ಒಂದು ಒಳಕಾರಣ ಇರುತ್ತದೆ. ಮುದ್ದೆ ಬಿಸಿಯಾಗಿರಬೇಕು, ಬಸ್ಸಾರಿನ ಕಾರ ಆಗತಾನೆ ರುಬ್ಬಿರಬೇಕು, ಓದುವ ಹುಡುಗನ ದೀಪ ಕತ್ತಲಾದ ಮೇಲೆಯೇ ಉರಿಯಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದೂ ಬೇಡಿಕೆ ನೆತ್ತಿಗೇರುವ ಬೇಸಗೆಯ ಬಾಗಿಲಿನಲ್ಲಿಯೇ.

ನಗರದ ಮಧ್ಯಮವರ್ಗದ ಮನೆಯಲ್ಲಿ ಬಿಸಿಲಿನ ಹೊತ್ತಿಗೆ ಯಾರಿರುತ್ತಾರೆ? ಗಂಡಹೆಂಡಿರಿಬ್ಬರೂ ದುಡಿಯಲು ಹೋದ ಮನೆಗೆ ಬೀಗ. ಬೀಗವಿಲ್ಲದ ಮನೆಯಲ್ಲಿ ಮಂಡಿನೋವಿನ ಅತ್ತೆ, ಇಲ್ಲವೆ ಮಧ್ಯಾಹ್ನ ಒಂದು ಗಳಿಗೆ ಬೆನ್ನು ನೆಲಕ್ಕೆ ಹಾಕುವ ಸೊಸೆ. ನಲ್ಲಿಯ ನೀರು ಬರುವ ಹೊತ್ತು ಪುರಸಭೆಯದು, ಮಕ್ಕಳ ವ್ಯಾನಿನ ಹೊತ್ತು ಶಾಲೆಯದು, ಹಾಲಿನ ಹೊತ್ತು ಡೈರಿಯದು. ಇಷ್ಟು ಗಡಿಯಾರಗಳನ್ನು ಒಬ್ಬಳೇ ಹೊಂದಿಸಿಕೊಂಡು ಬರುತ್ತಿರುವಾಗ ಇನ್ನೊಂದು ಗಡಿಯಾರವನ್ನು ಗೋಡೆಗೆ ತಗುಲಿಹಾಕಿ ‘ಇದನ್ನೂ ಸ್ವಲ್ಪ ನೋಡಿಕೊಳ್ಳಮ್ಮ’ ಎಂದು ಹೇಳುವವರು ಆ ನೋಡಿಕೊಳ್ಳುವ ಕೆಲಸಕ್ಕೆ ಕೂಲಿ ಎಷ್ಟೆಂದು ಬರೆದಿಲ್ಲ. ಕಾಸಿದ್ದವರ ಮಾತು ಬೇರೆ. ಛಾವಣಿಯ ಮೇಲೆ ಸೋಲಾರು, ಕೆಳಗೆ ಬ್ಯಾಟರಿ, ಹೇಳಿದ ಹೊತ್ತಿಗೆ ತಾನೇ ಹೊರಳುವ ಯಂತ್ರಗಳು. ಅವರು ಕುಳಿತಲ್ಲಿಯೇ ಸ್ಪಂದಿಸಿ ಸೋಡಿ ಪಡೆಯುತ್ತಾರೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿಯ ಮನೆ ಏನನ್ನು ಸರಿಸೀತು? ಅದು ಕೊಡುವುದು ದಂಡ ಮಾತ್ರ.

ನನ್ನ ಮಿತ್ರರಾದ ಎಂಜಿನಿಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಸಿಟ್ಟಾದರು. ‘ವರ್ಷಕ್ಕೆ ಕೆಲವೇ ಗಂಟೆಗಳ ಬೇಡಿಕೆಗಾಗಿ ಸಾವಿರಾರು ಕೋಟಿಯ ಸ್ಥಾವರ ಕಟ್ಟಬೇಕೆ? ಪಾವಗಡದಲ್ಲಿ 2 ಸಾವಿರ ಮೆಗಾವಾಟಿನ ಸೋಲಾರ್ ಪಾರ್ಕು ಹಗಲು ಉರಿಯುತ್ತದೆ, ಸಂಜೆಗೆ ಆರುತ್ತದೆ. ಸಂಜೆಗೆ ಕಲ್ಲಿದ್ದಲು ಸುಡಬೇಕು, ಇಲ್ಲ ಮಾರುಕಟ್ಟೆಯಲ್ಲಿ ಕೇಳಿದ ಬೆಲೆಗೆ ಕೊಳ್ಳಬೇಕು. ಆ ದುಡ್ಡು ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ’ ಎಂದರು. ಮಾತು ನಿಜ. ಕಳ್ಳತನ, ಸೋರಿಕೆ, ಕರೆಂಟು ಹೋದ ಜಾಗ ಇವುಗಳನ್ನು ಸ್ಮಾರ್ಟ್ ಮೀಟರು ಬೇಗ ಪತ್ತೆಮಾಡುತ್ತದೆಂಬುದನ್ನೂ ಒಪ್ಪುತ್ತೇನೆ. ಆದರೆ ಮನೆಯವರು ಹೊತ್ತು ಸರಿಸಿದ್ದರಿಂದ ಸ್ಥಾವರದ ಖರ್ಚು ಉಳಿಯುವುದಾದರೆ, ಆ ಉಳಿತಾಯವನ್ನು ದುಡಿದವರು ಮನೆಯವರು. ಸಾವಿರಾರು ಕೋಟಿಯ ಕೆಲಸಕ್ಕೆ 18 ಪೈಸೆಯ ಕೂಲಿ ಎಂದರೆ ಅದಕ್ಕೆ ನಮ್ಮ ಕಡೆ ಬಿಟ್ಟಿ ಎನ್ನುತ್ತಾರೆ. ಒಂದೂವರೆ ಟನ್ನಿನ ಏಸಿ ಒಂದು ಉರಿದರೆ ಹತ್ತು ಗ್ರೈಂಡರು ತಿರುಗಿದ ಲೆಕ್ಕ. ಮಾಲುಗಳ, ಕಚೇರಿಗಳ, ಶೀತಗೃಹಗಳ, ದೊಡ್ಡ ಕಾರ್ಖಾನೆಗಳ ಹೊರೆಯನ್ನು ಸರಿಸಲು ಸಂಬಳದ ಎಂಜಿನಿಯರುಗಳಿದ್ದಾರೆ. ಅಲ್ಲಿ ಮೊದಲು ಸರಿಸಲಿ. ಅಡಿಗೆಮನೆಗೆ ಆಮೇಲೆ ಬರಲಿ.

ಬೇರೆ ದೇಶಗಳು ಈ ಪಾಠವನ್ನು ದುಬಾರಿ ಶುಲ್ಕ ತೆತ್ತು ಕಲಿತಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎನರ್ಜಿ ಎಂಬ ಕಂಪನಿ 2001ರ ಹೊತ್ತಿಗೆ ಸುಮಾರು 3 ಲಕ್ಷ ಮನೆಗಳಿಗೆ ಹೊತ್ತಿಗೊಂದು ದರ ಹಾಕಿತು. ಜನ ಕಷ್ಟಪಟ್ಟು ಹೊತ್ತು ಸರಿಸಿದರು. ತಿಂಗಳಿಗೊಂದು ಡಾಲರಿನ ಮೀಟರು ಶುಲ್ಕ ಸೇರಿದಾಗ ಅವರಲ್ಲಿ ಬಹುಮಂದಿ ಹಳೆಯ ದರಕ್ಕಿಂತ ಹೆಚ್ಚೇ ಕೊಡುತ್ತಿದ್ದಾರೆಂಬುದು ಬಯಲಾಯಿತು. 2002ರಲ್ಲಿ ಯೋಜನೆ ನಿಂತುಹೋಯಿತು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಮನೆಮನೆಗೂ ಸ್ಮಾರ್ಟ್ ಮೀಟರು ಕೂಡಿಸಿದರು. 2014ರಲ್ಲಿ ಅಲ್ಲಿಯ ಲೆಕ್ಕಪರಿಶೋಧಕರು ವರದಿ ಕೊಟ್ಟಾಗ, 100 ಕೋಟಿ ಡಾಲರೆಂದು ಅಂದಾಜಿಸಿದ್ದ ಖರ್ಚು ಹೆಚ್ಚುಕಡಮೆ ಇಮ್ಮಡಿಯಾಗಿತ್ತು. ಏರು ಹೊತ್ತಿನ ಬೇಡಿಕೆ ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಅವರ ಮನೆಗಳಲ್ಲಿ ಚಳಿಗೆ ಕಾಯಿಸುವ, ಸೆಕೆಗೆ ತಣಿಸುವ, ಬಟ್ಟೆ ಒಣಗಿಸುವ ದೊಡ್ಡ ದೊಡ್ಡ ಯಂತ್ರಗಳಿವೆ. ಸರಿಸುವುದಕ್ಕೆ ಏನಾದರೂ ಇದೆ. ನಮ್ಮ ಬಟ್ಟೆಯನ್ನು ಒಣಗಿಸುವುದು ಸೂರ್ಯನಾರಾಯಣನೇ. ಅವನಿಗೆ ಯಾವ ಮೀಟರೂ ಇಲ್ಲ.

ದೂರವೇಕೆ? ನಮ್ಮ ಮಂಡ್ಯಕ್ಕೂ ಬೆಳಕು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಕೇಂದ್ರ ಸರ್ಕಾರ ದೇಶದಲ್ಲಿ ಆರಿಸಿದ ಮೊದಲ ಕೆಲವು ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲೊಂದನ್ನು ಮೈಸೂರಿನ ಒಂದು ಭಾಗದಲ್ಲಿ ನಡೆಸಿತು. ಅದರ ವ್ಯಾಪ್ತಿ 21,824 ಗ್ರಾಹಕರು, ಅಂದಾಜು 32.59 ಕೋಟಿ ರೂಪಾಯಿ. ಏರು ಹೊತ್ತಿನ ಹೊರೆಯನ್ನು ನಿಭಾಯಿಸುವುದು ಅದರ ಉದ್ದೇಶಗಳಲ್ಲೊಂದು. ಭಾಗಿಸಿ ನೋಡಿದರೆ ತಲೆಗೆ ಸುಮಾರು 15 ಸಾವಿರ ರೂಪಾಯಿ. ಪ್ರಯೋಗವೆಂದ ಮೇಲೆ ಖರ್ಚು ಹೆಚ್ಚಿರುತ್ತದೆ, ಮೀಟರಿನಾಚೆಗೂ ಅದರಲ್ಲಿ ಎಷ್ಟೋ ಸಲಕರಣೆ ಸೇರಿರುತ್ತದೆ. ಇಡೀ ಮೊತ್ತವನ್ನು ಮನೆಯ ಹೊತ್ತು ಸರಿಸುವುದಕ್ಕೇ ಖರ್ಚು ಹಾಕುವುದು ಅನ್ಯಾಯವಾದೀತು. ಆದರೂ ಅಂಥ ಪ್ರಯೋಗ ನಡೆದ ಮೇಲೆ, ಎಷ್ಟು ಮನೆಗಳು ನಿಜವಾಗಿ ಹೊತ್ತು ಸರಿಸಿದವು, ಎಷ್ಟು ತಿಂಗಳು ಸರಿಸಿದವು, ಆ ಮನೆಗಳಲ್ಲಿ ಆ ಕೆಲಸ ಮಾಡಿದವರು ಯಾರು ಎಂಬುದನ್ನು ಸರಳವಾದ ಕನ್ನಡದಲ್ಲಿ ಅಚ್ಚುಮಾಡಿ ಗ್ರಾಹಕರ ಕೈಗೆ ಕೊಡುವುದು ನ್ಯಾಯ.

ಇದರ ಮೇಲೆ ಇನ್ನೊಂದು ತೊಡಕು. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ ತಮ್ಮ ಸರಾಸರಿಗೆ ತಕ್ಕಂತೆ ಉರಿಸುವ ಮನೆಗಳಿಗೆ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಶೇಕಡಾ 20 ಸೋಡಿ ಎಷ್ಟು, ಶೇಕಡಾ 10 ದಂಡ ಎಷ್ಟು? ದರದ ಮಾತು ಇಂಥ ಮನೆಗಳ ಕಿವಿಗೇ ಬೀಳುವುದಿಲ್ಲ. ದರಕ್ಕೆ ಬಗ್ಗದವರನ್ನು ಬಗ್ಗಿಸುವ ಇನ್ನೊಂದು ದಾರಿ ಸ್ಮಾರ್ಟ್ ಮೀಟರಿನ ಹೊಟ್ಟೆಯಲ್ಲಿಯೇ ಇದೆ: ದೂರದ ಕಚೇರಿಯಲ್ಲಿ ಕುಳಿತವರು ಮನೆಯ ಸಂಪರ್ಕವನ್ನು ಕಡಿಯಬಹುದು, ಇಷ್ಟೇ ಉರಿಸಬೇಕೆಂದು ಮಿತಿ ಹಾಕಬಹುದು. 2021ರ ಜೂನ್ ತಿಂಗಳ ಧಗೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕೆಲವರು ಮನೆ ಬಿಸಿಯಾಗುತ್ತಿರುವುದೇಕೆಂದು ನೋಡಿದರೆ, ತಣಿಸುವ ಯಂತ್ರವನ್ನು ಹೊರಗಿನವರು ಏರಿಸಿಟ್ಟಿದ್ದರು. ಬಹುಮಾನದ ಆಸೆಗೆ ಎಂದೋ ಒಪ್ಪಿಗೆ ಕೊಟ್ಟು ಮರೆತಿದ್ದವರು ಅವರು. ಮನೆಯ ಬಾಗಿಲಿಗೆ ಚಿಲಕ ಒಳಗಡೆ ಇರಬೇಕೆಂಬುದು ಹಳೆಯ ಕಾಲದ ತಿಳುವಳಿಕೆ. ಮೀಟರಿನ ವಿಷಯದಲ್ಲಿ ಅದನ್ನು ಬಿಟ್ಟುಕೊಡುವ ಮೊದಲು ಒಮ್ಮೆಯಾದರೂ ನಮ್ಮನ್ನು ಕೇಳಬೇಡವೆ? ‘ಒಲ್ಲೆ’ ಎಂದವರನ್ನು ಅವರ ಪಾಡಿಗೆ ಬಿಡಬೇಡವೆ?

ಪ್ರತಿ ಸಲ ದರ ಪರಿಷ್ಕರಣೆಯ ಅರ್ಜಿ ಬಂದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಕಾರ್ಖಾನೆಯವರ ಪರವಾಗಿ ವಕೀಲರು ಕಾಗದದ ಕಟ್ಟು ಹಿಡಿದು ಹೋಗುತ್ತಾರೆ. ರೈತಸಂಘದವರು ಹಸಿರು ಶಾಲು ಹೊದ್ದು ಹೋಗುತ್ತಾರೆ. ಅಡಿಗೆಮನೆಯ ಪರವಾಗಿ ಹೋಗುವವರು ಬಹಳ ಕಡಿಮೆ. ಮನೆಗಳಿಗೆ ಹೊತ್ತಿನ ದರ ಹಾಕುವ ಪ್ರಸ್ತಾಪ ಬಂದಾಗ, ಮನೆಯೊಂದಕ್ಕೆ ದಿನಕ್ಕೆ ಎಷ್ಟು ನಿಮಿಷದ ಕೆಲಸ ಹೆಚ್ಚುತ್ತದೆ, ಅದನ್ನು ಯಾರು ಮಾಡುತ್ತಾರೆ, ಅದಕ್ಕೆ ಎಷ್ಟು ಕೂಲಿ ಎಂಬ ಮೂರು ಅಂಕಣಗಳನ್ನು ಕಂಪನಿಯ ಲೆಕ್ಕದಲ್ಲಿ ಸೇರಿಸಿ ತರುವಂತೆ ಆಯೋಗವನ್ನು ಕೇಳಬೇಕು. ಮೀಟರಿನ ಬೆಲೆಯನ್ನು ಉಳಿತಾಯ ಮಾಡಿಕೊಳ್ಳುವವರೇ ಹೊರಲಿ ಎಂದೂ ಅದರ ಕೆಳಗೆ ಬರೆಯಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಿಂದ ಅಂಥ ಹತ್ತು ಆಕ್ಷೇಪಣೆಗಳಾದರೂ ಹೋಗಲಿ. ಬರೆದುಕೊಡುವ ಕೆಲಸ ನನಗಿರಲಿ. ಕಾಲೇಜು ಮುಗಿಸಿ ಬಂದ ಮೇಲೆ ಸಂಜೆ ಏಳರಿಂದ ಒಂಬತ್ತರವರೆಗೆ ಮನೆಯಲ್ಲಿರುತ್ತೇನೆ; ದೀಪ ಉರಿಯುತ್ತಿರುತ್ತದೆ.